ಇಟಗಿ ಮಾಸ್ತರರ ಉಸಿರುಗಲ್ಲು

ನೆರಳೆಣಿಕೆಯ ಇನ್ನೂರ ಆರನೇ ವರ್ಷ, ನಿಂತಗಾಳಿ ತಿಂಗಳ ಐವತ್ತೆಂಟನೇ ದಿನ
ಕೊಳ್ಳದ ಹೊಸೂರು

ಇಟಗಿ ಮಾಸ್ತರರಿಗೆ, ಕುಂಬಾರರ ಫಕೀರವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ತಿಂಗಳುಗಳು ಮೂವತ್ತಕ್ಕೋ ಮೂವತ್ತೊಂದಕ್ಕೋ ಮುಗಿಯುತ್ತಿದ್ದವಂತೆ. ನಮ್ಮವು ಗಾಳಿ ದಿಕ್ಕು ಬದಲಿಸುವ ತನಕ ನಡೆಯುತ್ತವೆ. ಹಾಗಾಗಿ ನಮ್ಮಲ್ಲಿ ಎಪ್ಪತ್ತು ದಿನದ ತಿಂಗಳೂ ಉಂಟು, ಹನ್ನೊಂದೇ ದಿನಕ್ಕೆ ಮುಗಿದುಹೋದ ತಿಂಗಳೂ ಉಂಟು. ನಮ್ಮ ಮಾತೂ ನಿಮ್ಮ ಮಾತಿನಿಂದ ಸಾಕಷ್ಟು ದೂರ ಸರಿದಿದೆ. ಊರಿನ ಓದುಮನೆಯಲ್ಲಿ ಉಳಿದಿರುವ ನಿಮ್ಮ ಕಾಲದ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು, ಆದಷ್ಟು ನಿಮ್ಮ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಪದಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹೇಗೂ ಮಾಸ್ತರರು, ಕೆಂಪು ಶಾಯಿಯಲ್ಲಿ ತಿದ್ದಿಕೊಂಡು ಓದಿ.

ನಿಂತಗಾಳಿ ತಿಂಗಳಲ್ಲಿ ಮನೆಗೊಬ್ಬರು ಹಿಂದಿನವರಿಗೆ ಒಂದು ಪತ್ರ ಬರೆಯುವುದು ನಮ್ಮೂರ ಪದ್ಧತಿ. ಗಾಳಿ ಇಲ್ಲದ ದಿನಗಳಲ್ಲಿ ಹೊರಗೆ ಕೆಲಸ ಕಡಿಮೆ, ಒಳಗೆ ಕೂತವರಿಗೆ ಸಿಟ್ಟು ಜಾಸ್ತಿ. ಆದ್ದರಿಂದ ಈ ಪತ್ರಗಳಲ್ಲಿ ಹೆಚ್ಚಿನವು ಬೈಗುಳವೇ. ನಾನೂ ಪ್ರತಿ ವರ್ಷ ನಿಮ್ಮ ಕಾಲದವರಿಗೆ ಬಾಯಿಗೆ ಬಂದ ಹಾಗೆ ಬರೆದಿದ್ದೇನೆ. ತಲುಪುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಬರೆದ ಮೇಲೆ ಮನಸ್ಸು ಹಗುರವಾದರೆ ಸಾಕು. ಈ ವರ್ಷ ಮಾತ್ರ ಬೈಯಲು ಬಾಯಿ ಬರಲಿಲ್ಲ. ಒಬ್ಬರೇ ಒಬ್ಬರಿಗೆ, ನಿಮಗೆ, ಬರೆಯಬೇಕೆನಿಸಿತು.

ನೀವು ಯಾರೆಂದು ನನಗೆ ಗೊತ್ತಿಲ್ಲ. ಮಣ್ಣಲ್ಲಿದ್ದೂ ತುಕ್ಕು ಹಿಡಿಯದ ಒಂದು ಉಕ್ಕಿನ ಡಬ್ಬಿಯ ಮೇಲೆ ಯಾರೋ ಮೊಳೆಯಿಂದ ‘ಇಟಗಿ ಮಾಸ್ತರ್ ಗಾಡಿ’ ಎಂದು ಗೀಚಿದ್ದಾರೆ. ನಿಮ್ಮ ಬಗ್ಗೆ ನನಗೆ ತಿಳಿದಿರುವುದು ಅಷ್ಟೇ. ಆ ಡಬ್ಬಿ ಯಾವುದೆಂದು ನಿಮಗೆ ನೆನಪಿರಬೇಕು. ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ನೀವು ಕೂರಿಸುತ್ತಿದ್ದ ಡಬ್ಬಿ. ಅದರೊಳಗೆ ಸುಟ್ಟ ಮಣ್ಣಿನ ಜಾತಿಯ ಒಂದು ಗಟ್ಟಿ, ಗಟ್ಟಿಯ ತುಂಬ ಉದ್ದುದ್ದ ತೂತುಗಳು. ಒಂದು ತೂತಿಗೆ ಈ ತುದಿ ಮುಚ್ಚಿದ್ದರೆ ಪಕ್ಕದ ತೂತಿಗೆ ಆ ತುದಿ ಮುಚ್ಚಿರುತ್ತದೆ. ಹೊಗೆ ನಡುವಿನ ತೆಳು ಗೋಡೆಯೊಳಗೆ ನುಸುಳಿಯೇ ಆಚೆ ಬರಬೇಕು, ಮಸಿ ಈಚೆಯೇ ಉಳಿಯುತ್ತದೆ. ನೀವು ಅದನ್ನು ಡಿಪಿಎಫ್ ಎನ್ನುತ್ತಿದ್ದಿರಂತೆ. ನಾವು ಉಸಿರುಗಲ್ಲು ಎನ್ನುತ್ತೇವೆ.

ಅದನ್ನು ಮಾಡುವ ವಿದ್ಯೆ ನಮ್ಮಲ್ಲಿ ಉಳಿದಿಲ್ಲ. ನನ್ನ ಅಜ್ಜಿಯಿಂದ ಹಿಡಿದು ನನ್ನ ತನಕ ಎಲ್ಲರೂ ಪ್ರಯತ್ನಿಸಿದ್ದೇವೆ, ನಮ್ಮ ಮಣ್ಣಿಗೆ ಅಷ್ಟು ತೆಳುವಾಗಿ ನಿಲ್ಲುವ ತಾಳ್ಮೆಯಿಲ್ಲ. ತೊಳೆಯುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇವೆ. ತೊಳೆಯುವುದು ಎಂದರೆ ನೀರು ಹೊಯ್ಯುವುದಲ್ಲ. ಡಬ್ಬಿ ಕೊಯ್ದು, ಕಲ್ಲು ತೆಗೆದು, ಮಡಕೆ ಸುಡುವ ಆವಿಗೆಯಲ್ಲಿ ಮೆಲ್ಲಗೆ ಕಾಯಿಸಿ, ಅದಕ್ಕಿಂತ ಮೆಲ್ಲಗೆ ಆರಿಸಿ, ಹೊಗೆ ಹೊರಬೀಳುವ ತುದಿಗೆ ತಿದಿ ಇಟ್ಟು ಒಳಮುಖವಾಗಿ ಗಾಳಿ ಊದಬೇಕು. ಮಸಿ ಬೇರೆ, ಬೂದಿ ಬೇರೆ. ಮಸಿ ಕಾಯಿಸಿದರೆ ಉರಿದು ಹೋಗುತ್ತದೆ. ಎಂಜಿನ್ನಿಗೆ ಹಾಕುವ ಎಣ್ಣೆಯಿಂದ ಬರುವ ಬೂದಿ ಎಷ್ಟು ಉರಿದರೂ ಹೋಗುವುದಿಲ್ಲ, ಊದಿಯೇ ತೆಗೆಯಬೇಕು. ಇದು ತಿಳಿಯದೆ ನಮ್ಮ ಹಿರಿಯರು ಕಲ್ಲನ್ನು ಬರೀ ಕಾಯಿಸಿ ಕಾಯಿಸಿ ಎಷ್ಟೋ ಹಾಳು ಮಾಡಿದರು.

ನಮ್ಮ ಊರಿಗೆ ಇರುವುದು ಒಂದೇ ಎಂಜಿನ್ ಗಾಡಿ. ಹೊಂಗೆ ಎಣ್ಣೆಯಿಂದ ಓಡುತ್ತದೆ. ಕಾಯಿಲೆಯವರನ್ನು, ಹೆರಿಗೆಯವರನ್ನು ಒಯ್ಯುವುದಕ್ಕೆ ಮಾತ್ರ ಇರುವುದರಿಂದ ಒಯ್ಯುಗಾಡಿ ಎನ್ನುತ್ತೇವೆ. ಬ್ಯಾಟರಿ ಗಾಡಿಗಳೇನಾದವು ಎಂದು ನೀವು ಕೇಳಬಹುದು. ಇದ್ದಬದ್ದ ಬ್ಯಾಟರಿಯೆಲ್ಲ ಬಾವಿಯ ಪಂಪಿಗೂ ಆಸ್ಪತ್ರೆಗೂ ಹೋಗುತ್ತದೆ, ಓಡಾಟಕ್ಕೆ ಮಿಗುವುದಿಲ್ಲ. ಒಯ್ಯುಗಾಡಿ ಓಡಿಸುವವಳು ಖೈರುನ್. ಎಂಟು ದಿನಕ್ಕೊಮ್ಮೆ ಅವಳು ಸುಟ್ಟೋಟ ಮಾಡುತ್ತಾಳೆ. ಅಂದರೆ ಕಲ್ಲಿನಲ್ಲಿ ಕೂತ ಮಸಿ ತಾನಾಗಿಯೇ ಉರಿದು ಹೋಗುವ ಹಾಗೆ, ಎಲ್ಲೂ ನಿಲ್ಲಿಸದೆ, ಒಂದೇ ವೇಗದಲ್ಲಿ ದೂರದ ಗುಡ್ಡದ ತನಕ ಹೋಗಿ ಬರುತ್ತಾಳೆ. ಆ ದಿನ ಗಾಡಿಗೆ ಅಡ್ಡ ಬರುವುದು ನಮ್ಮಲ್ಲಿ ದೊಡ್ಡ ತಪ್ಪು. ಮದುವೆಯ ದಿಬ್ಬಣ ಕೂಡ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಖಾಲಿ ಗಾಡಿ ಯಾಕೆ ಹೋಗಬೇಕೆಂದು ಬಾಣಂತಿಯರು ಗಾಳಿಗೆ ಹೋಗುತ್ತಾರೆ, ಸೊಸೆಯಂದಿರ ಮೇಲೆ ಮುನಿಸಿಕೊಂಡ ಮುದುಕರು ಹೋಗುತ್ತಾರೆ. ನಡುದಾರಿಯ ಊರಿನವರು ಓಡುವ ಗಾಡಿಯೊಳಗೆ ಮೆಣಸಿನಕಾಯಿಯ ಗಂಟು, ಬದನೆಕಾಯಿಯ ಚೀಲ ಎಸೆಯುತ್ತಾರೆ, ಇವರು ಹಿಡಿದುಕೊಳ್ಳಬೇಕು. ಹಿಡಿಯಲಾರದವರಿಗೆ ಮುಂದಿನ ಸುಟ್ಟೋಟದ ತನಕ ಗೇಲಿ ತಪ್ಪುವುದಿಲ್ಲ.

ಇಷ್ಟೊಂದು ಜತನ ಯಾಕೆಂದರೆ, ನಮ್ಮ ಊರು ಗುಡ್ಡಗಳ ನಡುವಿನ ಕುಣಿಯಲ್ಲಿದೆ. ಗಾಳಿ ನಿಂತಾಗ ಬಿಟ್ಟ ಹೊಗೆ ಹೊರಗೆ ಹೋಗುವುದಿಲ್ಲ, ನಮ್ಮ ಎದೆಯಲ್ಲೇ ಇರುತ್ತದೆ. ಹಿಂದೆ ಒಂದು ಕಾಲದಲ್ಲಿ ಹಾಗೆ ಬಹಳ ಮಕ್ಕಳು ಹೋದವು. ಅಂದಿನಿಂದ ಉಸಿರುಗಲ್ಲಿಲ್ಲದ ಎಂಜಿನ್ ಯಾವ ಊರಿನ ಹೊಗೆಗೆರೆಯನ್ನೂ ದಾಟಬಾರದು. ಹೊಗೆಗೆರೆ ಎಂದರೆ ಊರಿನ ಸುತ್ತ ಸುಣ್ಣದ ಕಲ್ಲು ನೆಟ್ಟ ಗಡಿ. ಆಸ್ಪತ್ರೆಯ ದಾರಿಯಲ್ಲಿರುವ ಎಲ್ಲ ಊರುಗಳಿಗೂ ಅದೇ ಕಟ್ಟಳೆ, ಆಸ್ಪತ್ರೆಗೂ ಅದೇ. ಗಾಡಿ ಹೊರಡುವ ಮೊದಲು ಹೊಗೆ ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಹಿಡಿಯುತ್ತಾರೆ. ಬಟ್ಟೆ ಕಪ್ಪಾದರೆ ಕಲ್ಲು ಒಡೆದಿದೆ ಎಂದರ್ಥ, ಗಾಡಿ ಅಲ್ಲಿಯೇ ನಿಲ್ಲಬೇಕು.

ಈಗ ನನ್ನ ಮನೆಯ ವಿಷಯ. ನನ್ನ ಯಜಮಾನರು ಸಂಕಪ್ಪ. ಅವರ ಮೂತ್ರಪಿಂಡಗಳು ಕೈಕೊಟ್ಟು ಕೆಲವು ವರ್ಷಗಳಾದವು. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಒಯ್ಯುಗಾಡಿಯಲ್ಲಿ ಬೆಳಿಗ್ಗೆ ಹೋದರೆ ಇಳಿಹೊತ್ತಿಗೆ ಮನೆಗೆ ಬರುತ್ತಾರೆ. “ನೀ ಕಲ್ಲು ತೊಳಿ, ಅವರು ನನ್ನ ತೊಳೀಲಿ. ಇಬ್ಬರಿಗೂ ಉದ್ಯೋಗ ಕೊಟ್ಟೀನಿ ನೋಡು,” ಎಂದು ಹೊರಡುವಾಗಲೆಲ್ಲ ನನ್ನನ್ನು ಕೆಣಕುತ್ತಾರೆ. ನಾನು ನಗದಿದ್ದರೂ ಅವರೇ ನಗುತ್ತಾರೆ.

ಹೋದ ತಿಂಗಳಲ್ಲಿ ಒಂದು ಸುಟ್ಟೋಟ ಮುಗಿಸಿ ಬರುವಾಗ ಹಳ್ಳಕ್ಕೆ ನೀರು ಬಂದಿತ್ತು. ಕಲ್ಲು ಕೆಂಡದ ಹಾಗೆ ಕಾದಿರುವಾಗಲೇ ಗಾಡಿ ನೀರಿಗೆ ಇಳಿಯಿತು. ಖೈರುನಳದು ತಪ್ಪಿಲ್ಲ, ಗಾಳಿಗೆಂದು ಬಂದ ಬಸುರಿ ಹುಡುಗಿಯೊಬ್ಬಳು ಹಿಂದಿನ ಸೀಟಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಳು. ಮರುದಿನ ಬಟ್ಟೆ ಹಿಡಿದರೆ ಕಾಡಿಗೆ ಬಳಿದ ಹಾಗೆ ಕಪ್ಪಾಯಿತು. ಗಾಡಿ ಚಪ್ಪರದ ಕೆಳಗೆ ಸೇರಿತು. ನನ್ನ ಯಜಮಾನರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಕರೆದೊಯ್ದೆವು. ಹೋಗುವುದಕ್ಕೆ ಒಂದು ಹಗಲು ಒಂದು ರಾತ್ರಿ, ಬರುವುದಕ್ಕೂ ಅಷ್ಟೇ. ಎರಡು ಸಲದ್ದು ಒಂದು ಸಲವಾಯಿತು. ಪಾದದ ಬಾವು ಮೊಣಕಾಲಿಗೆ ಏರಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೀಗೇ ನಡೆದರೆ ನಿಂತಗಾಳಿ ತಿಂಗಳು ದಾಟುವುದಿಲ್ಲ ಎಂದು ಆಸ್ಪತ್ರೆಯವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಬೇರೆ ಕಲ್ಲು ಹುಡುಕಬೇಕಿತ್ತು. ನಿಮ್ಮ ಕಾಲದ ಗಾಡಿಗಳು ಗುಡ್ಡೆ ಬಿದ್ದಿರುವ ಕಡೆ ಖೈರುನ್ ಮತ್ತು ನಾನು ಅಗೆದು ಅಗೆದು ಸುಸ್ತಾದೆವು. ಸಿಕ್ಕಿದ ಡಬ್ಬಿಗಳಿಗೆಲ್ಲ ಕೈಬೆಸುಗೆ. ಕಾರ್ಖಾನೆಯ ಬೆಸುಗೆ ನೂಲಿನಷ್ಟು ತೆಳ್ಳಗಿರುತ್ತದೆ, ಕೈಬೆಸುಗೆ ದಪ್ಪ, ಉಬ್ಬು. ಕೈಬೆಸುಗೆ ಕಂಡರೆ ನಾವು ಆಸೆ ಬಿಟ್ಟ ಹಾಗೆಯೇ. ಯಾಕೆಂದು ನಿಮಗೆ ಗೊತ್ತು. ಕಲ್ಲು ಮಸಿ ಕಟ್ಟಿಕೊಂಡು ಗಾಡಿ ಮುಕ್ಕರಿಸತೊಡಗಿದಾಗ ನಿಮ್ಮ ಕಾಲದವರಲ್ಲಿ ಬಹಳ ಮಂದಿ ಅದನ್ನು ತೊಳೆಸುತ್ತಿರಲಿಲ್ಲ. ಡಬ್ಬಿ ಕೊಯ್ದು, ಸಲಾಕೆಯಿಂದ ಕಲ್ಲನ್ನು ಕುಟ್ಟಿ ಪುಡಿ ಮಾಡಿ ಚೆಲ್ಲಿ, ಖಾಲಿ ಡಬ್ಬಿಯನ್ನು ಬೆಸೆದು ಮತ್ತೆ ಅದೇ ಜಾಗಕ್ಕೆ ಕೂರಿಸುತ್ತಿದ್ದರು. ತಪಾಸಣೆಯವರು ಬಗ್ಗಿ ನೋಡಿದರೆ ಡಬ್ಬಿ ಕಾಣುತ್ತಿತ್ತು. ಹೊಗೆ ಮಾತ್ರ ಸೀದಾ ಹೊರಗೆ.

ಅಂಥ ಡಬ್ಬಿಗಳಿಂದ ನಮ್ಮೂರ ಬಾಗಿಲಲ್ಲಿ ಒಂದು ಗೋಡೆ ಕಟ್ಟಿದ್ದೇವೆ. ಹೆಸರು ಸುಳ್ಳುಗೋಡೆ. ಕೈಬೆಸುಗೆಯ ಡಬ್ಬಿ ಸಿಕ್ಕಾಗಲೆಲ್ಲ ಅದನ್ನು ಬಿಚ್ಚಿ ಕೂಡ ನೋಡದೆ ಗೋಡೆಗೆ ಸೇರಿಸುತ್ತೇವೆ. ಊರಿನ ಮಕ್ಕಳು ಒಂದೊಂದು ಹಿಡಿ ಕೆಸರು ಎರಚಿ, ಇವರು ನಮ್ಮ ಉಸಿರು ಕದ್ದವರು ಎಂದು ಹೇಳುತ್ತಾರೆ. ನಾನೂ ಸಣ್ಣವಳಿದ್ದಾಗ ಹೇಳಿದ್ದೇನೆ. ಗೋಡೆ ನೋಡಿಕೊಳ್ಳುವ ಮನೆತನದ ವಿರುಪಣ್ಣ ಕಾಕಾ ದಿನಾ ಅದಕ್ಕೆ ಮಣ್ಣು ಮೆತ್ತಿ ನುಣುಪು ಮಾಡುತ್ತಾರೆ. ನಿಮ್ಮ ಕಾಲದವರ ಮೇಲೆ ಅವರಿಗಿರುವಷ್ಟು ಸಿಟ್ಟು ಊರಲ್ಲಿ ಮತ್ತಾರಿಗೂ ಇಲ್ಲ.

ಒಂದು ದಿನ ನಾನು ಆವಿಗೆಯ ಮುಂದೆ ಕೂತು, ಒಡೆದ ನಮ್ಮ ಹಳೆಯ ಕಲ್ಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದೆ. ಬೆರಳಿಗೆ ಉಬ್ಬು ಉಬ್ಬಾದ ಬೆಸುಗೆಗಳು ತಾಗಿದವು. ನಾನು ತೊಳೆದಾಗ ಒಂದು, ನನ್ನ ಅವ್ವ ತೊಳೆದಾಗ ಒಂದು, ಅಜ್ಜಿ ತೊಳೆದಾಗ ಒಂದು. ತೊಳೆಯಬೇಕೆಂದರೆ ಕೊಯ್ಯಬೇಕು, ಕೊಯ್ದರೆ ಬೆಸೆಯಬೇಕು. ನಮ್ಮ ಡಬ್ಬಿ ಯಾರಾದರೂ ಹೊರಗಿನವರ ಕಣ್ಣಿಗೆ ಬಿದ್ದಿದ್ದರೆ ನಮ್ಮನ್ನೂ ಸುಳ್ಳರ ಜೊತೆ ಗೋಡೆಗೆ ಹಾಕುತ್ತಿದ್ದರು! ಹಾಗಾದರೆ ನಿಮ್ಮ ಕಾಲದಲ್ಲಿ ತೊಳೆಸಿದವರು ಒಬ್ಬರೂ ಇರಲಿಲ್ಲವೇ? ಇದ್ದರೆ ಅವರ ಡಬ್ಬಿ ಎಲ್ಲಿ ಹೋಯಿತು? ನಮ್ಮ ಗೋಡೆಯಲ್ಲೇ ಇರಬಹುದಲ್ಲವೇ, ಮಾಸ್ತರರೇ? ಇಷ್ಟು ತಲೆಮಾರು ಕಲ್ಲು ತೊಳೆದ ಮನೆಯಲ್ಲಿ ಹುಟ್ಟಿಯೂ ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಿಮ್ಮನ್ನು ಬೈಯುವುದು ಅಷ್ಟು ರೂಢಿಯಾಗಿಹೋಗಿತ್ತು.

ಊರು ಕೂಡಿಸಿ ಗೋಡೆ ಬಿಚ್ಚಬೇಕೆಂದು ಕೇಳಿದೆ. ವಿರುಪಣ್ಣ ಕಾಕಾ ಕೋಲು ನೆಲಕ್ಕೆ ಕುಟ್ಟಿದರು. “ಅವರು ಕಳ್ಳರಂತ ನಮ್ಮಪ್ಪ ಹೇಳ್ಯಾನ, ನಮ್ಮಜ್ಜ ಹೇಳ್ಯಾನ. ನೀ ಏನ ಹೊಸದು ಕಂಡೀಯವಾ?” ಎಂದರು. “ನಿಮ್ಮಪ್ಪ ಒಂದರೆ ಬಿಚ್ಚಿ ನೋಡಿದ್ನೇನ್ರಿ ಕಾಕಾ?” ಎಂದೆ. ಹೊರಸಿನ ಮೇಲೆ ಕೂತಿದ್ದ ನನ್ನ ಯಜಮಾನರೇ ನನ್ನ ಕಡೆ ನೋಡಿ, “ನನ್ನ ಸಲುವಾಗಿ ಗ್ವಾಡಿ ಕೆಡವಬ್ಯಾಡ. ನಾಳೆ ಮಂದಿ ನಿನಗ ಅಂತಾರ,” ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಅನ್ನಲಿ ಬಿಡ್ರಿ. ನೀವಿದ್ರ ಇಬ್ಬರೂ ಕೂಡಿ ಅನಿಸಿಕೊಳ್ಳೂಣು,” ಎಂದು ಎಲ್ಲರೆದುರಿಗೇ ಅಂದುಬಿಟ್ಟೆ. ಕೊನೆಗೆ, ಹಿಂದುಗಡೆಯಿಂದ ಬಿಚ್ಚಬಹುದು, ಖಾಲಿ ಇದ್ದದ್ದನ್ನು ನಾನೇ ತಿರುಗಿ ಕಟ್ಟಬೇಕು ಎಂದು ತೀರ್ಮಾನವಾಯಿತು.

ಮಡಕೆ ತಟ್ಟುವ ಹಲಗೆ ತೆಗೆದುಕೊಂಡು ಹೋದೆ. ಕುಂಬಾರರ ಕೈಗೆ ಟೊಳ್ಳು ಯಾವುದು ಗಟ್ಟಿ ಯಾವುದೆಂದು ಹೇಳಿಕೊಡಬೇಕಿಲ್ಲ. ಒಂದೊಂದೇ ಡಬ್ಬಿ ಹೊರಗೆಳೆದು ತಟ್ಟುತ್ತಾ ಹೋದೆ. ಢಣ್ ಎಂದಿತು. ಮತ್ತೊಂದು, ಢಣ್. ವಿರುಪಣ್ಣ ಕಾಕಾ ಕಟ್ಟೆಯ ಮೇಲೆ ಕೂತು ಪ್ರತಿ ಸದ್ದಿಗೂ “ಕೇಳಿದೇನವಾ?” ಎನ್ನುತ್ತಿದ್ದರು. ಕೇಳುತ್ತಿತ್ತು, ಕೇಳದೆ ಏನು. ಗೋಡೆಯ ಅರ್ಧ ಮುಗಿದರೂ ಎಲ್ಲವೂ ಖಾಲಿ. ಕಾಕಾರ ಮುಂದೆ ಅಳಬಾರದೆಂದು ತಟ್ಟುತ್ತಲೇ ಹೋದೆ. ಆಮೇಲೆ ತಟ್ಟಿದ ಒಂದು ಡಬ್ಬಿ ಢಣ್ ಎನ್ನಲಿಲ್ಲ. ಸದ್ದು ಅಲ್ಲಿಯೇ ಸತ್ತಿತು. “ಒಳಗ ಮಣ್ಣು ತುಂಬಿರಬೇಕ ತಗಿ,” ಎಂದರು ಕಾಕಾ. ಆದರೆ ಈ ಸಲ ಎದ್ದು ಹತ್ತಿರ ಬಂದರು.

ಮೇಲಿನ ಕೆಸರು ತೊಳೆದಾಗ ನಿಮ್ಮ ಹೆಸರು ಕಂಡಿತು. ಬೆಸುಗೆ ಕೊಯ್ದೆವು. ಒಳಗೆ ಕಲ್ಲು ಇಡಿಯಾಗಿ ಇತ್ತು, ಅದಕ್ಕೆ ಸುತ್ತಿದ ಮೆತ್ತನೆಯ ಹಾಸು ಕೂಡ ಅಲುಗಿರಲಿಲ್ಲ. ಒಂದು ಮುಖದ ತೂತುಗಳಲ್ಲಿ ಬೂದಿ ಗಟ್ಟಿಯಾಗಿ ಕೂತಿತ್ತು. ಆ ಬೂದಿ ಕಂಡು ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ. ಬೆಸುಗೆ ಹಾಕಿಸಿದ ಮೇಲೂ ಅಷ್ಟು ಬೂದಿ ತುಂಬಬೇಕಾದರೆ, ನೀವು ಅದನ್ನು ತೊಳೆಸಿ, ಮತ್ತೆ ಕೂರಿಸಿ, ಆಮೇಲೆ ಎಷ್ಟೋ ವರ್ಷ ಅದರಲ್ಲೇ ಓಡಾಡಿದ್ದೀರಿ. ಖಾಲಿ ಡಬ್ಬಿಯಲ್ಲಿ ಹೋಗಬಹುದಾಗಿತ್ತು, ಹೋಗಲಿಲ್ಲ. ವಿರುಪಣ್ಣ ಕಾಕಾ ಡಬ್ಬಿಯ ಮೇಲೆ ಉಳಿದಿದ್ದ ಕೆಸರನ್ನು ಕೈಯಿಂದ ಒರೆಸಿದರು. ಆಮೇಲೆ, “ಮಾಸ್ತರಗ ಎಷ್ಟ ವರ್ಷ ಕೆಸರು ಹೊಡದ್ವಿ ನಾವು,” ಎಂದರು.

ಸೌದೆ ಅವರೇ ಹೊರಿಸಿ ತಂದರು. ನಾನು ಆವಿಗೆಯನ್ನು ಕೂಸಿನ ಹಾಗೆ ಕಾದೆ. ಅವಸರ ಮಾಡಿದರೆ ಕಲ್ಲು ಬಿರಿಯುತ್ತದೆ, ಅತ್ತ ಮನೆಯಲ್ಲಿ ಯಜಮಾನರ ಉಸಿರು ಮೇಲೆ ಮೇಲೆ ಬರುತ್ತಿತ್ತು. ಎರಡನ್ನೂ ನೋಡಿಕೊಂಡು ಬೆಂಕಿಯನ್ನು ಸಣ್ಣಗೇ ಇಟ್ಟೆ. ಆರಿದ ಮೇಲೆ ಕಾಕಾ ತಿದಿ ಒತ್ತಿದರು, ನಾನು ಕಲ್ಲನ್ನು ತಿರುಗಿಸುತ್ತಾ ಹೋದೆ. ನಿಮ್ಮ ಊರಿನ ರಸ್ತೆಗಳಲ್ಲಿ ಕೂಡಿದ ಬೂದಿ ಮೊರದ ತುಂಬ ಬಿತ್ತು. ಅದನ್ನು ಗಾಳಿಗೆ ಬಿಡದೆ ಒದ್ದೆ ಮಣ್ಣಲ್ಲಿ ಕಲಸಿ ಹೂತೆವು. ಖೈರುನ್ ಡಬ್ಬಿ ಬೆಸೆದಳು. ಈಗ ಅದಕ್ಕೆ ಎರಡು ಕೈಬೆಸುಗೆ, ನಿಮ್ಮ ಮಿಸ್ತ್ರಿಯದೊಂದು, ನಮ್ಮದೊಂದು.

ಹೊಗೆ ಕೊಳವೆಗೆ ಹಿಡಿಯಲು ನನ್ನ ಯಜಮಾನರು ತಮ್ಮ ಒಗೆದ ಧೋತರ ಕೊಟ್ಟರು. ಊರೆಲ್ಲ ನಿಂತಿತ್ತು. ಖೈರುನ್ ಎಂಜಿನ್ ಜೋರು ಮಾಡಿದಳು, ಇಳಿಸಿದಳು, ಮತ್ತೆ ಜೋರು ಮಾಡಿದಳು. ಧೋತರ ತೆಗೆದು ನೋಡಿದರೆ ಬೆಳ್ಳಗೇ ಇತ್ತು. ನಾನು ಅಲ್ಲಿಯೇ ಕುಕ್ಕರಿಸಿ ಅತ್ತುಬಿಟ್ಟೆ. ಅಂದೇ ಅವರನ್ನು ಕರೆದೊಯ್ದಳು. ಈಗ ವಾರಕ್ಕೆ ಎರಡು ಸಲ ಹೋಗುತ್ತಿದ್ದಾರೆ. ಬಾವು ಇಳಿದಿದೆ, ಕೆಣಕುವುದು ಮತ್ತೆ ಶುರುವಾಗಿದೆ. ವಿರುಪಣ್ಣ ಕಾಕಾ ಉಳಿದರ್ಧ ಗೋಡೆಯನ್ನು ತಾವೇ ತಟ್ಟುತ್ತಾ ಕೂತಿದ್ದಾರೆ. ಇನ್ನೆರಡು ಗಟ್ಟಿ ಸಿಕ್ಕಿವೆ. ಖಾಲಿಯವುಗಳ ಮೇಲಿನ ಅವರ ಸಿಟ್ಟು ಹಾಗೆಯೇ ಇದೆ. ಅದು ಇರಲಿ, ಅದಕ್ಕೂ ಕಾರಣವುಂಟು.

ಈಗ ಒಂದು ಕೋರಿಕೆ. ನಿಮ್ಮನ್ನು ನಾನು ಹೀಗೆ ಕಲ್ಪಿಸಿಕೊಂಡಿದ್ದೇನೆ. ಶಾಲೆ ಮನೆಗೆ ಹತ್ತಿರ. ಗಾಡಿ ಕಾಯುವ ಮೊದಲೇ ಶಾಲೆ ಬಂದಿರುತ್ತದೆ, ಮಸಿ ಉರಿಯುವುದಿಲ್ಲ, ಕೂಡುತ್ತದೆ. ಒಂದು ದಿನ ನಿಮ್ಮ ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತುತ್ತದೆ. ಗಾಡಿ ಏರು ಹತ್ತುವುದಿಲ್ಲ. ಮಿಸ್ತ್ರಿ ಕೆಳಗಿನಿಂದ ತಲೆ ಹೊರಗೆ ಹಾಕಿ, “ಕಿತ್ತು ಒಗದ ಬಿಡೂಣ್ರಿ ಮಾಸ್ತರ, ಮತ್ತ ಈ ತ್ರಾಸ ಬರಂಗಿಲ್ಲ. ಎಲ್ಲಾರೂ ಮಾಡಿಸ್ಯಾರ,” ಎನ್ನುತ್ತಾನೆ. ಅವನು ಕೆಟ್ಟವನಲ್ಲ, ನಿಮ್ಮ ಅನುಕೂಲಕ್ಕೇ ಹೇಳುತ್ತಾನೆ. ನಿಮಗೂ ಶಾಲೆಗೆ ಹೊತ್ತಾಗಿರುತ್ತದೆ.

ನಮ್ಮ ಕಡೆಯಿಂದ ನೋಡಿದರೆ ನೀವು ಅಂದು ಬೇಡ ಎಂದಾಗಿದೆ. ಆದರೆ ಈ ಪತ್ರ ನಿಮ್ಮ ಯಾವ ದಿನಕ್ಕೆ ಬಂದು ತಲುಪುತ್ತದೋ ನನಗೆ ತಿಳಿಯದು. ಆ ದಿನ ನಿಮಗೆ ಇನ್ನೂ ಬಂದಿಲ್ಲದೆ ಇರಬಹುದು. ಬಂದಿರದಿದ್ದರೆ, ವಾರಕ್ಕೊಮ್ಮೆ ಗಾಡಿಯನ್ನು ದೊಡ್ಡ ರಸ್ತೆಗೆ ಒಯ್ದು ನಿಲ್ಲಿಸದೆ ಓಡಿಸಿ. ಮಸಿ ಉರಿಯುತ್ತಿರುವಾಗ ನಡುವೆ ಆರಿಸಬೇಡಿ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಬೂದಿ ಕಡಿಮೆ ಬಿಡುವ ಎಣ್ಣೆಯನ್ನೇ ಹಾಕಿಸಿ. ಅಷ್ಟಾದರೂ ಕಲ್ಲು ಕಟ್ಟಿದರೆ ತೊಳೆಸಿ. ಮಿಸ್ತ್ರಿ ಏನೇ ಹೇಳಲಿ, ಬೇಡ ಎನ್ನಿ. ಜೋರಾಗಿ ಹೇಳಬೇಕಿಲ್ಲ, ಅವನ ಕಿವಿಗೆ ಬಿದ್ದರೆ ಸಾಕು.

ಇಲ್ಲಿ ಊಟದ ಹೊತ್ತು. ಇವರು ಗಂಗಾಳದ ಮುಂದೆ ಕೂತು, “ಇನ್ನೂ ಎಷ್ಟು ಬರೀತೀ? ರೊಟ್ಟಿ ಆರಾಕತ್ತಾವ,” ಎಂದು ಕೂಗುತ್ತಿದ್ದಾರೆ. ನನಗೆ ಈ ದನಿ ಇನ್ನಷ್ಟು ವರ್ಷ ಬೇಕು, ಮಾಸ್ತರರೇ. ಬೇಡ ಎನ್ನಿ.

ಶರಣು.
ಫಕೀರವ್ವ